ಪಿಕಪ್ ವಾಹನದ ಶಾಫ್ಟಿಗೊಂದು ಕಾವಲು ಬಳೆ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆ ಬೆಳೆಗಾರರಾದ ನಮಗೆ ಹೊಸದೇನಲ್ಲ. ತೋಟದ ವಾಹನಗಳ ವಿಚಾರದಲ್ಲಿಯೂ ಈ ಮಾತನ್ನು ನೆನೆಯುವಂತಾಗಿದೆ. ಒಂದು ಹಿಡಿ ಗ್ರೀಸು, ಮೂರು ನಾಲ್ಕು ಕಿಲೊ ಕಬ್ಬಿಣ, ಒಂದು ದಿನದ ಕೆಲಸ, ಇಷ್ಟರ ಉಪೇಕ್ಷೆಯಿಂದ ವಾಹನವೂ ಸರಕೂ, ಕೆಲವೊಮ್ಮೆ ಚಾಲಕನ ಜೀವವೂ ಅಪಾಯಕ್ಕೆ ಸಿಕ್ಕುತ್ತವೆ. ಆದ್ದರಿಂದ ಈ ಸಂಚಿಕೆಯಲ್ಲಿ ಗೊಬ್ಬರ, ಔಷಧಿಗಳ ವಿಚಾರವನ್ನು ಸ್ವಲ್ಪ ಬದಿಗಿಟ್ಟು, ಪಿಕಪ್ ವಾಹನದ ಪ್ರೊಪೆಲರ್ ಶಾಫ್ಟಿಗೆ ರಕ್ಷಣೆಯ ಬಳೆ ಹಾಕಿಸುವ ಬಗ್ಗೆ ಸದಸ್ಯ ಬಂಧುಗಳಿಗೆ ನಾಲ್ಕು ಮಾತು ತಿಳಿಸಬಯಸುತ್ತೇವೆ.

ಇಂದು ನಮ್ಮ ಬಹುತೇಕ ತೋಟಗಳಲ್ಲಿ ಎತ್ತಿನ ಗಾಡಿಯ ಜಾಗಕ್ಕೆ ಪಿಕಪ್ ಬಂದಿದೆ. ಚನ್ನಗಿರಿ, ಹೊನ್ನಾಳಿ ಕಡೆಯಲ್ಲಿ ಹಸಿ ಅಡಿಕೆಯನ್ನು ಚೇಣಿದಾರರ ಕಣಕ್ಕೆ ಮುಟ್ಟಿಸುವುದು, ಒಣ ಅಡಿಕೆಯನ್ನು ಮಂಡಿಗೆ ತರುವುದು, ಮಲೆನಾಡಿನಲ್ಲಿ ಕಾಫಿ ಮೂಟೆಗಳನ್ನು ಕ್ಯೂರಿಂಗ್ ಕಾರ್ಖಾನೆಗೆ ಇಳಿಸುವುದು ಎಲ್ಲವೂ ಅದರದೇ ಹೊಣೆ. ವಾಹನದ ಟೈರು, ಬ್ಯಾಟರಿ, ಎಂಜಿನ್ ಆಯಿಲ್‌ಗಳನ್ನು ಎಲ್ಲರೂ ನೋಡುತ್ತಾರೆ. ಚಾಸಿಯ ಅಡಿಯಲ್ಲಿ, ಕೆಸರು ಮೆತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ ತಿರುಗುವ ಆ ಉದ್ದನೆಯ ಕೊಳವೆಯನ್ನು ಬಗ್ಗಿ ನೋಡುವವರು ಕಡಿಮೆ.

ಶಾಫ್ಟು ಮಾಡುವ ಕೆಲಸ

ಎಂಜಿನ್ನು ಮುಂದಿದ್ದು ಹಿಂದಿನ ಚಕ್ರಗಳು ತಿರುಗುವ ವಾಹನದಲ್ಲಿ ಗೇರ್ ಬಾಕ್ಸಿನ ಶಕ್ತಿಯನ್ನು ಹಿಂದಿನ ಹೌಸಿಂಗಿಗೆ ಮುಟ್ಟಿಸುವುದೇ ಪ್ರೊಪೆಲರ್ ಶಾಫ್ಟು. ಗೇರ್ ಬಾಕ್ಸು ಚಾಸಿಗೆ ಕಟ್ಟಿದ್ದು. ಹೌಸಿಂಗು ಪಾಟಾಗಳ ಮೇಲೆ ಕುಳಿತು ಹಳ್ಳ ದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡುವಂಥದು. ಒಂದು ನಿಂತದ್ದು, ಒಂದು ಆಡುವುದು. ಇವೆರಡನ್ನೂ ಸೇರಿಸಬೇಕಾದ್ದರಿಂದ ಶಾಫ್ಟಿನ ಎರಡು ತುದಿಗಳಲ್ಲಿಯೂ ಬಾಗುವ ಕೀಲುಗಳಿರುತ್ತವೆ. ಇವುಗಳ ನಡುವೆ ಕೂಡಿಸುವ ಅಧಿಕ ಚಿಹ್ನೆಯ ಆಕಾರದ ಉಕ್ಕಿನ ತುಂಡನ್ನೇ ನಮ್ಮ ಚಾಲಕರು ‘ಕ್ರಾಸ್’ ಎನ್ನುತ್ತಾರೆ. ಅದರ ನಾಲ್ಕು ಕೈಗಳಿಗೂ ಸೂಜಿಯಂತಹ ಸಣ್ಣ ರೋಲರುಗಳುಳ್ಳ ಟೊಪ್ಪಿಗೆಗಳಿರುತ್ತವೆ. ಹೌಸಿಂಗು ಮೇಲೆ ಕೆಳಗೆ ಆಡಿದಾಗ ಶಾಫ್ಟಿನ ಉದ್ದವೂ ಹೆಚ್ಚು ಕಡಿಮೆಯಾಗಬೇಕಲ್ಲ, ಅದಕ್ಕಾಗಿ ಒಂದರೊಳಗೊಂದು ಜಾರುವ ಹಲ್ಲಿನ ಭಾಗವೂ ಇರುತ್ತದೆ.

ಈ ಕೀಲು ಹಳೆಯ ಕಾಲದ್ದು. 16ನೆಯ ಶತಮಾನದ ಇಟಲಿಯ ಕಾರ್ಡಾನೊ ಮತ್ತು 17ನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇವರ ಹೆಸರುಗಳು ಇದಕ್ಕೆ ಅಂಟಿಕೊಂಡಿವೆ. ಮೋಟಾರು ವಾಹನಕ್ಕೆ ಒಗ್ಗುವಂತೆ ಇದನ್ನು ರೂಪಿಸಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಂದ ಇಲ್ಲಿಯವರೆಗೆ ಮೂಲ ತತ್ವ ಹೆಚ್ಚು ಬದಲಾಗಿಲ್ಲ.

ಶಾಫ್ಟು ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಅದರ ಬಲ ಮನಸ್ಸಿಗೆ ಬರುತ್ತದೆ. ಟೈರಿನ ಸುತ್ತಳತೆ 2.1 ಮೀಟರ್ ಎಂದುಕೊಳ್ಳೋಣ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 1,000 ಮೀಟರ್. ಚಕ್ರವು ನಿಮಿಷಕ್ಕೆ ಸುಮಾರು 476 ಸುತ್ತು ತಿರುಗಬೇಕು. ಹೌಸಿಂಗಿನ ಹಲ್ಲುಗಳ ಪ್ರಮಾಣ 4.5 ಆಗಿದ್ದರೆ ಶಾಫ್ಟು ನಿಮಿಷಕ್ಕೆ 2,100ಕ್ಕೂ ಹೆಚ್ಚು, ಅಂದರೆ ಸೆಕೆಂಡಿಗೆ 35 ಸುತ್ತು ತಿರುಗುತ್ತಿರುತ್ತದೆ. ಇಷ್ಟು ವೇಗದಲ್ಲಿರುವ ಉಕ್ಕಿನ ಕೊಳವೆಯ ಒಂದು ತುದಿ ಕಳಚಿದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಳಚಿದರೆ ಆಗುವ ಅನಾಹುತ

ಹಿಂದಿನ ಕ್ರಾಸು ಮುರಿದರೆ ಶಾಫ್ಟಿನ ಹಿಂತುದಿ ನೆಲಕ್ಕೆ ಬಿದ್ದು ಎಳೆದುಕೊಂಡು ಬರುತ್ತದೆ. ಸದ್ದು ದೊಡ್ಡದು, ಅಪಾಯ ಸ್ವಲ್ಪ ಕಡಿಮೆ. ಮುಂದಿನ ಕ್ರಾಸು ಮುರಿದಾಗಲೇ ನಿಜವಾದ ಕಷ್ಟ. ಮುಂತುದಿ ಕೆಳಗೆ ಬಿದ್ದು ರಸ್ತೆಯ ಗುಂಡಿಗೆ ಸಿಕ್ಕಿಕೊಂಡರೆ, ಓಡುವವನ ಕೈಯ ದೋಟಿಯ ತುದಿ ನೆಲಕ್ಕೆ ನಾಟಿಕೊಂಡಂತೆ, ವಾಹನದ ಹಿಂಭಾಗವನ್ನೇ ಮೇಲೆತ್ತಿಬಿಡಬಹುದು. ಕೆಳಗೆ ಬೀಳುವ ಮೊದಲೇ ಅದು ಚಾಟಿಯಂತೆ ಸುತ್ತಿ ಹೊಡೆಯುತ್ತದೆ. ಆ ಹೊಡೆತಕ್ಕೆ ಸಿಕ್ಕುವುದು ಚಾಲಕನ ಕಾಲ ಕೆಳಗಿನ ತಗಡು, ಬ್ರೇಕಿನ ಕೊಳವೆ, ಡೀಸೆಲ್ ಟ್ಯಾಂಕು ಮತ್ತು ಅದರ ಕೊಳವೆ.

ಘಟ್ಟ ಇಳಿಯುವವರು ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಶಾಫ್ಟು ಕಳಚಿದ ಕ್ಷಣದಿಂದ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಹರಿಯುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆ ಇಳಿಯುತ್ತಿದ್ದ ವಾಹನ ಒಮ್ಮೆಲೇ ನ್ಯೂಟ್ರಲ್ ಆದಂತೆ ಹಗುರಾಗಿ ಓಡತೊಡಗುತ್ತದೆ. ಆಗ ಉಳಿಯುವ ಆಸರೆ ಕಾಲಿನ ಬ್ರೇಕು ಒಂದೇ. ಹಳೆಯ ಜೀಪುಗಳಂತೆ ಹ್ಯಾಂಡ್ ಬ್ರೇಕು ಶಾಫ್ಟಿನ ಮೇಲೆಯೇ ಇರುವ ವಾಹನಗಳಲ್ಲಿ ಅದೂ ಕೆಲಸಕ್ಕೆ ಬಾರದು. ಅದೇ ಹೊತ್ತಿಗೆ ಬೀಸುತ್ತಿರುವ ಶಾಫ್ಟು ಬ್ರೇಕಿನ ಕೊಳವೆಯನ್ನೂ ಹರಿದರೆ? ಕಾವಲು ಬಳೆಯ ಅಗತ್ಯವಿರುವುದು ಮುಖ್ಯವಾಗಿ ಇಲ್ಲಿಯೇ. ಅದು ಶಾಫ್ಟು ಮುರಿಯುವುದನ್ನು ತಡೆಯಲಾರದು. ಮುರಿದ ಶಾಫ್ಟು ಬ್ರೇಕಿನ ಮೇಲೆ, ಮನುಷ್ಯರ ಮೇಲೆ ಹೋಗದಂತೆ ಹಿಡಿದಿಡುತ್ತದೆ.

ಇದು ನಮ್ಮ ಹೊಸ ಕಲ್ಪನೆಯೇನಲ್ಲ. ಅಮೆರಿಕದ ಫೆಡರಲ್ ಮೋಟಾರು ವಾಹನ ಸುರಕ್ಷಾ ನಿಯಮಗಳ 393.89ನೆಯ ವಿಧಿಯ ಪ್ರಕಾರ, ಪ್ರಯಾಣಿಕರ ಕೆಳಗೆ ಉದ್ದಕ್ಕೆ ಹಾಯ್ದಿರುವ ಬಸ್ಸಿನ ಶಾಫ್ಟಿಗೆ ಜಾರುವ ಹಲ್ಲುಗಳಿರುವ ತುದಿಯಲ್ಲಿ ಕನಿಷ್ಠ ಒಂದು ಕಾವಲು ಇರಲೇಬೇಕು. ಅಲ್ಲಿನ ಕಾರ್ ಪಂದ್ಯಗಳನ್ನು ನಡೆಸುವ, 1951ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನು ವೇಗದ ವಾಹನಗಳಿಗೆ ಇದೇ ಬಳೆಯನ್ನು ಕಡ್ಡಾಯ ಮಾಡಿದೆ: ಮುಂದಿನ ಕ್ರಾಸಿನಿಂದ 6 ಅಂಗುಲದೊಳಗೆ, 2 ಅಂಗುಲ ಅಗಲ ಮತ್ತು ಕಾಲಂಗುಲ ದಪ್ಪದ ಪಟ್ಟಿಯಲ್ಲಿ, ಶಾಫ್ಟಿನ ಸುತ್ತ ಪೂರ್ಣ ವೃತ್ತವಾಗಿ. ಪಂದ್ಯದ ಕಾರಿಗೆ ಬೇಕಾದದ್ದು, ಒಂದು ಟನ್ನಿಗೂ ಮೀರಿದ ಸರಕು ಹೊತ್ತು ಘಟ್ಟ ಇಳಿಯುವ ನಮ್ಮ ಪಿಕಪ್ಪಿಗೆ ಬೇಡವೆನ್ನಲು ಕಾರಣವಿಲ್ಲ.

ದಾವಣಗೆರೆ, ಹರಿಹರದಲ್ಲಿ ಕೆಲಸದ ಅನುಕೂಲ

ದಾವಣಗೆರೆಗೂ ಹರಿಹರಕ್ಕೂ ನಡುವೆ ಸುಮಾರು 14 ಕಿಲೋಮೀಟರ್. ಎರಡೂ ಊರುಗಳನ್ನು ಹಾಯ್ದು ಹೋಗುವ ಹಳೆಯ ಪಿ.ಬಿ. ರಸ್ತೆಯಲ್ಲಿ ಹೊರಟರೆ ಬಿಡಿಭಾಗದ ಅಂಗಡಿ, ವೆಲ್ಡಿಂಗ್ ಅಂಗಡಿ, ಪಾಟಾ ಕೆಲಸದವರು, ಲೇತು ಕೆಲಸದವರು ಎಲ್ಲರೂ ಸಿಕ್ಕುತ್ತಾರೆ. ಹರಿಹರಕ್ಕಂತೂ ಲೇತಿನ ಊರೆಂಬ ಹಳೆಯ ಹೆಸರಿದೆ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶದ ಮೂಲೆಮೂಲೆಗೆ ಲೇತುಗಳನ್ನು ಕಳಿಸಿತು. ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿದ್ದರೂ ಆ ಕೈಗಾರಿಕೆ ಕಲಿಸಿದ ಅಳತೆಯ ಶಿಸ್ತು ಊರಿನಲ್ಲಿ ಉಳಿದಿದೆ. ಬಾಗಿದ ಶಾಫ್ಟನ್ನು ಲೇತಿನ ಮೇಲೆ ಹಿಡಿದು ನೇರ ನೋಡಿಸಲು, ಹೊಸ ಕೊಳವೆ ಕೂಡಿಸಲು ಹೋಗುವವರಿಗೆ ಇದರ ಉಪಯೋಗ ತಿಳಿದೇ ಇದೆ.

ಚನ್ನಗಿರಿ ಕಡೆಯ ಪಿಕಪ್ಪೊಂದಕ್ಕೆ ಪಿ.ಬಿ. ರಸ್ತೆಯ ಬದಿಯ ಒಂದು ವರ್ಕ್‌ಶಾಪಿನಲ್ಲಿ ಇಂಥ ಬಳೆ ಹಾಕುವುದನ್ನು ನಾವು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದೆವು. ಆ ವಾಹನದ ಮುಂದಿನ ಕ್ರಾಸು ದಿಬ್ಬ ಏರುವಾಗ ಮುರಿದಿತ್ತು. ವೇಗ ಕಡಿಮೆಯಿದ್ದುದರಿಂದ ದೊಡ್ಡ ಅನಾಹುತವಾಗಿರಲಿಲ್ಲ. ಆದರೂ ಕ್ಯಾಬಿನ್ನಿನ ಅಡಿಯ ತಗಡು ಮೇಲಕ್ಕೆ ಉಬ್ಬಿತ್ತು, ಬ್ರೇಕಿನ ಕೊಳವೆ ಚಪ್ಪಟೆಯಾಗಿತ್ತು. ಮುರಿದ ಕ್ರಾಸಿನ ಟೊಪ್ಪಿಗೆ ತೆಗೆದರೆ ಒಳಗೆ ಗ್ರೀಸೇ ಇಲ್ಲ, ಕೆಂಪು ತುಕ್ಕಿನ ಪುಡಿ ಮಾತ್ರ.

“ಎಲ್ರೂ ಕ್ರಾಸ್ ಸರಿ ಇಲ್ಲ ಅಂತಾರೆ ಸ್ವಾಮಿ. ಕ್ರಾಸೇನು ತಾನೇ ಎದ್ದು ಗ್ರೀಸ್ ಹಾಕ್ಕೊಳ್ಳುತ್ತೇನ್ರೀ?” ಎಂದು ಮೇಸ್ತ್ರಿ ನಕ್ಕರು. ಪಕ್ಕದಲ್ಲಿದ್ದ ಚಾಲಕ ನಗಲಿಲ್ಲ. ಮುಂದಿನ ವಾರ ಅದೇ ವಾಹನದಲ್ಲಿ ಆತ ಘಟ್ಟ ಇಳಿಯಬೇಕಾಗಿತ್ತು.

ಬಳೆಯ ಅಳತೆ ಮತ್ತು ಜಾಗ

ಬಳೆಗೆ 50 ಮಿ.ಮೀ. ಅಗಲದ ಮೆದು ಉಕ್ಕಿನ ಪಟ್ಟಿ ಸಾಕು. ದಪ್ಪ 6 ಮಿ.ಮೀ.ಗೆ ಕಡಿಮೆ ಇರಕೂಡದು, 8 ಮಿ.ಮೀ. ಸಿಕ್ಕರೆ ಇನ್ನೂ ಒಳ್ಳೆಯದು. 50×6 ಪಟ್ಟಿ ಮೀಟರಿಗೆ ಸುಮಾರು 2.36 ಕಿಲೊ ತೂಗುತ್ತದೆ. ಶಾಫ್ಟಿನ ಕೊಳವೆ 75 ಮಿ.ಮೀ. ದಪ್ಪವಿದ್ದು, ಬಳೆಯ ಒಳ ಅಗಲ 150 ಮಿ.ಮೀ. ಇಟ್ಟರೆ ವೃತ್ತಕ್ಕೆ ಅರ್ಧ ಮೀಟರ್ ಪಟ್ಟಿ ಬೇಕಾಗುತ್ತದೆ. ಹಿಡಿಕೆಯ ತುಂಡುಗಳು ಸೇರಿದರೂ ಮೂರು ನಾಲ್ಕು ಕಿಲೊ ದಾಟುವುದಿಲ್ಲ.

ಬಳೆಯನ್ನು ಎರಡು ಅರ್ಧಗಳಾಗಿ ಮಾಡಿ ಬೋಲ್ಟಿನಿಂದ ಸೇರಿಸುವುದು ಉತ್ತಮ. ಮುಂದೆ ಕ್ರಾಸು ಬದಲಿಸುವಾಗ ಕೆಳಗಿನ ಅರ್ಧವನ್ನು ಬಿಚ್ಚಿದರೆ ಸಾಕಾಗುತ್ತದೆ. ಕೆಲವರು ಮೇಲ್ಭಾಗ ಬಿಟ್ಟು ಕೆಳಗೆ ಮಾತ್ರ ಉಯ್ಯಾಲೆಯಂತೆ ಪಟ್ಟಿ ಕಟ್ಟುತ್ತಾರೆ. ಶಾಫ್ಟು ನೆಲಕ್ಕೆ ಬೀಳದಿದ್ದರೂ ಮೇಲಿನ ತಗಡಿಗೆ ಹೊಡೆಯುವುದನ್ನು ಇದು ತಡೆಯದು. ಸರಪಳಿ, ತಂತಿಹಗ್ಗ, ಕಟ್ಟಡದ ಸರಳುಗಳನ್ನು ಖಂಡಿತ ಉಪಯೋಗಿಸಕೂಡದು. ತಿರುಗುವ ಶಾಫ್ಟು ಸರಪಳಿಯನ್ನು ಸುತ್ತಿಕೊಂಡು ಇನ್ನಷ್ಟು ಅನರ್ಥ ಮಾಡುತ್ತದೆ.

ಜಾಗದ ವಿಚಾರ ಮುಖ್ಯವಾದದ್ದು. ಮುಂದಿನ ಕ್ರಾಸಿನ ಹಿಂದೆ 150 ಮಿ.ಮೀ. ಒಳಗೆ ಬಳೆ ಬರಬೇಕು. ಇದಕ್ಕೆ ಕಾರಣ ಎರಡು. ಮೊದಲನೆಯದು, ತುದಿಯ ಹತ್ತಿರ ಹಿಡಿದರೆ ಕಳಚಿದ ತುದಿಗೆ ಬೀಸಲು ಅವಕಾಶ ಕಡಿಮೆ. ಎರಡನೆಯದು, ಹಳ್ಳ ದಿಣ್ಣೆಯಲ್ಲಿ ಶಾಫ್ಟು ಆಡುವುದು ಅಲ್ಲಿ ಅತಿ ಕಡಿಮೆ. ಶಾಫ್ಟಿನ ಉದ್ದ 1,200 ಮಿ.ಮೀ. ಇದ್ದು ಹಿಂತುದಿ 100 ಮಿ.ಮೀ. ಮೇಲೆದ್ದರೆ, ಮುಂದಿನ ಕ್ರಾಸಿನಿಂದ 150 ಮಿ.ಮೀ. ದೂರದಲ್ಲಿ ಅದು ಆಡುವುದು ಸುಮಾರು 12 ಮಿ.ಮೀ. ಮಾತ್ರ. ಬಳೆಯನ್ನು ನಟ್ಟನಡುವೆ ಇಟ್ಟರೆ ಅಲ್ಲಿ 50 ಮಿ.ಮೀ. ಆಡುತ್ತದೆ, ಅಷ್ಟೇ ದೊಡ್ಡ ಬಳೆ ಬೇಕಾಗುತ್ತದೆ. ದೊಡ್ಡ ಬಳೆಯಲ್ಲಿ ಹಿಡಿತ ಎಲ್ಲಿಂದ ಬರಬೇಕು?

ಉದ್ದ ಚಾಸಿಯ ವಾಹನಗಳಲ್ಲಿ ಶಾಫ್ಟು ಎರಡು ತುಂಡಾಗಿದ್ದು ನಡುವೆ ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗ್ ಇರುತ್ತದೆ. ಅಂಥಲ್ಲಿ ಎರಡು ಬಳೆ ಹಾಕಿಸಬೇಕು: ಗೇರ್ ಬಾಕ್ಸಿನ ಹಿಂದೆ ಒಂದು, ಸೆಂಟರ್ ಬೇರಿಂಗಿನ ಹಿಂದಿನ ಕ್ರಾಸಿನ ಬಳಿ ಇನ್ನೊಂದು.

ಕೂಡಿಸುವ ಕ್ರಮ

ಮೊದಲು ವಾಹನವನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರಿಯ ಜಾಕಿಯನ್ನು ನಂಬಿ ಕೆಳಗೆ ಮಲಗತಕ್ಕದ್ದಲ್ಲ. ಶಾಫ್ಟು ಬಿಚ್ಚುವುದಾದರೆ ಅದಕ್ಕೂ ಮೊದಲು ಅದು ಕೂಡುವ ಎರಡು ಕಡೆಗೂ, ಜಾರುವ ಹಲ್ಲಿನ ಭಾಗಕ್ಕೂ ಬಣ್ಣದಿಂದ ಗುರುತು ಹಾಕಬೇಕು. ಬಾಗಿದ ಕ್ರಾಸು ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ಎರಡು ಸಲ ತುಸು ಮುಂದೆ, ಎರಡು ಸಲ ತುಸು ಹಿಂದೆ ಆಗುತ್ತದೆ. ಎರಡು ತುದಿಯ ಕ್ರಾಸುಗಳು ಒಂದೇ ನೇರದಲ್ಲಿದ್ದರೆ ಒಂದರ ಓರೆಯನ್ನು ಇನ್ನೊಂದು ಸರಿದೂಗಿಸುತ್ತದೆ. ಹಲ್ಲು ತಪ್ಪಿಸಿ ಕೂಡಿಸಿದರೆ ಈ ಲೆಕ್ಕ ಕೆಟ್ಟು, ಹೊಸ ಕ್ರಾಸು ಹಾಕಿದರೂ ವಾಹನ ನಡುಗುತ್ತದೆ. ಕೊಳವೆಗೆ ಅಂಟಿಸಿದ ಸಣ್ಣ ತೂಕದ ತುಂಡುಗಳನ್ನು ಕಸವೆಂದು ಕಿತ್ತು ಹಾಕಬಾರದು. ಅವು ಕಾರ್ಖಾನೆಯಲ್ಲಿ ಸಮತೂಕ ಮಾಡಿದ ಗುರುತು.

ಬಳೆಯನ್ನು ಚಾಸಿಗೆ ಅಥವಾ ಚಾಸಿಯ ಅಡ್ಡಪಟ್ಟಿಗೆ ಕೂಡಿಸಬೇಕು. ಗೇರ್ ಬಾಕ್ಸಿಗಾಗಲಿ, ತೆಳು ತಗಡಿಗಾಗಲಿ ಕೂಡಿಸಬಾರದು. ಚಾಸಿಯಲ್ಲಿ ಮೊದಲೇ ಇರುವ ತೂತುಗಳನ್ನು ಬಳಸುವುದು ಮೇಲು. ಇಲ್ಲದಿದ್ದರೆ ಎರಡು ಪಟ್ಟಿಗಳ ನಡುವೆ ಹಿಡಿದು ಬಿಗಿಯುವ ಕ್ಲಾಂಪು ಮಾಡಿಸಬಹುದು. ಚಾಸಿಯ ಮೇಲಂಚು ಕೆಳಂಚುಗಳಲ್ಲಿ ತೂತು ಕೊರೆಯುವುದು, ಚಾಸಿಗೆ ವೆಲ್ಡ್ ಮಾಡುವುದು ಎರಡೂ ಬೇಡ. ಭಾರವನ್ನು ಹೊರುವ ಉಕ್ಕಿಗೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ವೆಲ್ಡಿಂಗ್ ಏನಿದ್ದರೂ ಬಳೆಯನ್ನು ಹೊರಗೆ ಬೆಂಚಿನ ಮೇಲಿಟ್ಟೇ ಆಗಬೇಕು. ಬೋಲ್ಟುಗಳು 8.8 ದರ್ಜೆಯ, 10 ಅಥವಾ 12 ಮಿ.ಮೀ. ಗಾತ್ರದವು ಇರಲಿ, ನಟ್ಟು ತಾನಾಗಿ ಸಡಿಲವಾಗದ ಲಾಕ್ ನಟ್ಟು ಆಗಿರಲಿ. ಪಟ್ಟಿಯ ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿಸಿ, ರೆಡ್ ಆಕ್ಸೈಡ್ ಬಳಿಸಿ, ಬಣ್ಣ ಹಾಕಿಸಬೇಕು. ಬ್ರೇಕಿನ ಕೊಳವೆ, ಡೀಸೆಲ್ ಕೊಳವೆ, ವೈರುಗಳಿಗೆ ಬಳೆ ತಾಗಕೂಡದು.

ಕೂಡಿಸಿದ ಮೇಲೆ ಮೂರು ಸ್ಥಿತಿಯಲ್ಲಿ ಸಂದು ಅಳೆಯಬೇಕು: ಖಾಲಿ ವಾಹನದಲ್ಲಿ, ಸರಕು ತುಂಬಿದಾಗ, ಮತ್ತು ಚಾಸಿಯನ್ನು ಎತ್ತಿ ಹೌಸಿಂಗು ಜೋತುಬಿದ್ದಾಗ. ಮೂರರಲ್ಲಿಯೂ ಸುತ್ತ 25 ಮಿ.ಮೀ.ಗೆ ಕಡಿಮೆಯಾಗದಂತೆ ಸಂದು ಉಳಿದಿದ್ದರೆ ಸರಿ. ನಾವು ನೋಡಿದ ವಾಹನದಲ್ಲಿ ಮೇಸ್ತ್ರಿಯವರು ಶಾಫ್ಟನ್ನು ಕೈಯಿಂದ ಪೂರ್ತಿ ಸುತ್ತಿಸಿ, ಆಮೇಲೆ ಮರಳು ಮೂಟೆ ಹೇರಿಸಿ ಅಳೆದರು. ಬೆಳಿಗ್ಗೆ ಹತ್ತಕ್ಕೆ ಶುರುವಾದ ಕೆಲಸ ಸಂಜೆಯೊಳಗೆ ಮುಗಿಯಿತು. ಅದರಲ್ಲಿ ಹೊಸ ಕ್ರಾಸು ಮತ್ತು ಬ್ರೇಕ್ ಕೊಳವೆಯ ಕೆಲಸವೂ ಸೇರಿತ್ತು. ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಬೇಕೆಂದು ಅವರು ಚಾಲಕನಿಗೆ ಹೇಳಿ ಕಳಿಸಿದರು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಬಿಗಿಯಾಗಿ ಎತ್ತಿಹಿಡಿಯಿತು. ಬಿಚ್ಚಿ ತೆಗೆಯಬಹುದಾದ ಬಳೆಯಿಂದ ವಾಹನದ ಅಳತೆ, ಎಂಜಿನ್, ಹೊರುವ ಭಾರ ಯಾವುದೂ ಬದಲಾಗುವುದಿಲ್ಲ. ಆದರೂ ಕಂಪನಿಯ ವಾರಂಟಿ ಇನ್ನೂ ಇರುವ ವಾಹನವಾದರೆ ಅವರ ಸರ್ವಿಸ್ ಕೇಂದ್ರದಲ್ಲಿ, ಎಫ್.ಸಿ. ಹತ್ತಿರ ಬಂದಿದ್ದರೆ ಆರ್.ಟಿ.ಒ. ಕಚೇರಿಯಲ್ಲಿ ಒಂದು ಮಾತು ವಿಚಾರಿಸಿ ಮುಂದುವರಿಯುವುದು ಕ್ಷೇಮ.

ಮೊದಲ ಕಾವಲು ಗ್ರೀಸು

ಬಳೆ ಹಾಕಿಸಿದೆವೆಂದು ಕ್ರಾಸನ್ನು ಮರೆತರೆ, ಬೇಲಿ ಕಟ್ಟಿ ತೋಟಕ್ಕೆ ನೀರು ಬಿಡದಂತೆ ಆದೀತು. ಗ್ರೀಸ್ ನಿಪ್ಪಲ್ ಇರುವ ಕ್ರಾಸಿಗೆ ವಾಹನದ ಕೈಪಿಡಿ ಹೇಳಿದ ಅವಧಿಗೆ, ಕೆಸರು ನೀರಿನಲ್ಲಿ ಓಡುವ ತಿಂಗಳುಗಳಲ್ಲಿ ಇನ್ನೂ ಬೇಗ, ಗ್ರೀಸು ಹೊಡೆಸಬೇಕು. ನಾಲ್ಕೂ ಟೊಪ್ಪಿಗೆಗಳಿಂದ ಹೊಸ ಗ್ರೀಸು ಹೊರಗೆ ಇಣುಕಿದರೆ ಮಾತ್ರ ಅದು ಒಳಗೆ ಮುಟ್ಟಿದೆ ಎಂದರ್ಥ. ಮೂರರಿಂದ ಬಂದು ಒಂದರಿಂದ ಬಾರದಿದ್ದರೆ ಆ ಒಂದು ಕೈಯೇ ನಾಳೆ ಮುರಿಯುವುದು. ಬಲವಾದ ನೀರಿನಿಂದ ವಾಹನ ತೊಳೆಸಿದ ಮೇಲೂ ಗ್ರೀಸು ಹೊಡೆಸುವುದು ಒಳ್ಳೆಯದು.

ಕ್ರಾಸು ಹೇಳದೆ ಕೇಳದೆ ಮುರಿಯುವುದು ಅಪರೂಪ. ನಿಧಾನವಾಗಿ ಹೋಗುವಾಗ ಇಲಿಯಂತೆ ಕೀಚ್ ಕೀಚ್ ಸದ್ದು, ಕ್ಲಚ್ ಬಿಟ್ಟೊಡನೆ ‘ಟಕ್’ ಎಂಬ ಏಟು, ಒಂದು ವೇಗಕ್ಕೆ ಬಂದಾಗ ಮಾತ್ರ ನಡುಕ, ಟೊಪ್ಪಿಗೆಯ ಸುತ್ತ ಕೆಂಪು ಪುಡಿ, ಕೈಯಿಂದ ಹಿಡಿದು ಅಲುಗಿಸಿದರೆ ಸಡಿಲ: ಇವುಗಳಲ್ಲಿ ಒಂದು ಕಂಡರೂ ಮುಂದಿನ ಲೋಡಿಗೆ ಕಾಯಬಾರದು. ಹೆಚ್ಚು ಭಾರ ಹೊರಲೆಂದು ಪಾಟಾ ಎಲೆಗಳನ್ನು ಕೂಡಿಸಿದವರು ಇನ್ನೂ ಹುಷಾರಾಗಿರಬೇಕು. ಖಾಲಿ ವಾಹನದ ಹಿಂಭಾಗ ಎತ್ತರವಾಗಿ ಕ್ರಾಸಿನ ಬಾಗು ಹೆಚ್ಚಿ, ಸವೆತವೂ ಹೆಚ್ಚುತ್ತದೆ.

ದಾರಿಯಲ್ಲಿ ಶಾಫ್ಟು ಕಳಚಿದ ಸದ್ದಾದರೆ ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆದು, ಎಂಜಿನ್ ಬಂದ್ ಮಾಡದೆ, ಬ್ರೇಕನ್ನು ಸಮನಾಗಿ ಒತ್ತುತ್ತ, ಗುಡ್ಡದ ಬದಿಗೆ ವಾಹನವನ್ನು ತರಬೇಕು. ಎಂಜಿನ್ ನಿಂತರೆ ಬ್ರೇಕಿನ ಸಹಾಯದ ಬಲವೂ ಪವರ್ ಸ್ಟಿಯರಿಂಗೂ ಕೈಕೊಡುತ್ತವೆ. ನಿಂತ ಕೂಡಲೇ ಚಕ್ರಕ್ಕೆ ಕಲ್ಲು ಕೊಡಬೇಕು. ಬಳೆಯ ಮೇಲೆ ಒರಗಿದ ಶಾಫ್ಟನ್ನು ಪೂರ್ತಿ ಬಿಚ್ಚಿ ತೆಗೆಯದೆ ವಾಹನವನ್ನು ಎಳೆಸಬಾರದು. ಬಳೆ ಇರುವುದು ವಾಹನ ನಿಲ್ಲುವವರೆಗಿನ ಆ ಕೆಲವು ಕ್ಷಣಗಳಿಗಾಗಿ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಕೊಯ್ಲು ಶುರುವಾಗಿ ವಾಹನಕ್ಕೆ ಬಿಡುವೇ ಇಲ್ಲದಂತಾಗುವ ಮೊದಲು, ಮಂಡಿಗೋ ಬಿಡಿಭಾಗಕ್ಕೋ ದಾವಣಗೆರೆ, ಹರಿಹರಕ್ಕೆ ಬಂದ ದಿನವೇ ಈ ಕೆಲಸವನ್ನೂ ಮುಗಿಸಿಕೊಂಡು ಹೋಗಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಈ ಪುಟವನ್ನು ಓದಿ ಮುಗಿಸಿದ ಮೇಲೆ ದಯವಿಟ್ಟು ನಿಮ್ಮ ಚಾಲಕನ ಕೈಗೂ ಕೊಡಿ. ಕೀಚ್ ಸದ್ದು ಮೊದಲು ಕೇಳಿಸುವುದು ಅವನಿಗೆ. ಅವನು ಬಂದು ಹೇಳಿದ ದಿನ “ಈ ಲೋಡ್ ಮುಗಿಸಿ ನೋಡೋಣ” ಎನ್ನದಿರುವುದು ನಮ್ಮ ಪಾಲಿನ ಕೆಲಸ.